ನೀವು ಕೇಳಿದ ಅತ್ಯಂತ ಅಬ್ಬರದ ರಾಕ್ ಕಛೇರಿ ಯಾವುದು? ಅಷ್ಟು ಅಬ್ಬರ ಬೇಕಿತ್ತೇ?

ಕೋಟೆಬಾಗಿಲು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ನಮಗೆ ದೊಡ್ಡ ರಾಕ್ ಕಛೇರಿ ಎಂದರೆ ಮೊದಲು ರಾತ್ರಿಯ ರೈಲು, ಆಮೇಲೆ ಬೆಂಗಳೂರಿನ ಅರಮನೆ ಮೈದಾನ. ಅದಲ್ಲದಿದ್ದರೆ ಹೈದರಾಬಾದಿನ ಬಸ್ಸು. ಹಾಗೆ ಹೋಗಿ ಬಂದವರನ್ನು ಮಾತನಾಡಿಸಿದಾಗಲೆಲ್ಲ ನಾನು ಗಮನಿಸಿದ ಒಂದು ಸಂಗತಿಯಿದೆ. ಯಾವ ಹಾಡಿನ ಬಳಿಕ ಯಾವ ಹಾಡು ಬಂತು ಎಂಬುದನ್ನು ಮರೆತವರು ಕೂಡ ಅಂದಿನ ಸದ್ದು ಎಷ್ಟಿತ್ತು ಎಂಬುದನ್ನು ಮರೆತಿರುವುದಿಲ್ಲ. ಅಂಗಿಯ ಗುಂಡಿ ಎದೆಯ ಮೇಲೆ ಅದುರಿದ್ದು, ಪಕ್ಕದಲ್ಲಿದ್ದ ಗೆಳೆಯನ ತುಟಿ ಆಡುತ್ತಿದ್ದರೂ ಒಂದಕ್ಷರವೂ ಕೇಳದೆ ಹೋದದ್ದು, ಇವೇ ಮೊದಲು ಬಾಯಿಗೆ ಬರುತ್ತವೆ.

ನಾನು 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡವನ್ನು ಕೇಳಿದೆ. ಭಾರತದಲ್ಲಿ ಅದು ಅವರ ಮೊದಲ ಕಛೇರಿ. ಅವರಿಗಿಂತ ಮುಂಚೆ ದೆಹಲಿಯ ಪರಿಕ್ರಮ ತಂಡ ನುಡಿಸಿತು. ಅಷ್ಟು ಗಿಟಾರುಗಳ ನಡುವೆಯೂ ಅವರ ಪಿಟೀಲು ಸ್ಪಷ್ಟವಾಗಿ ಕೇಳುತ್ತಿತ್ತು. ಮೇಡನ್ ತಂಡದಲ್ಲಿ ಮೂವರು ಗಿಟಾರ್ ವಾದಕರಿದ್ದಾರೆ. ನಾನು ಸದ್ದು ಹೊಂದಿಸುವ ಮಿಕ್ಸರ್ ಯಂತ್ರ ಇಟ್ಟಿದ್ದ ಡೇರೆಯ ಸಮೀಪ ನಿಂತಿದ್ದರಿಂದ ಮೂವರ ನುಡಿಸಾಣಿಕೆಯನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲವನಾಗಿದ್ದೆ. ಅದೇ ಕಾಲದಲ್ಲಿ ಒಂದು ಕಾಲೇಜಿನ ಉತ್ಸವದಲ್ಲಿ ಮುಚ್ಚಿದ ಸಭಾಂಗಣದೊಳಗೆ ಒಂದು ತಂಡವನ್ನು ಕೇಳಿದೆ. ಬಾಕ್ಸುಗಳು ನಾಲ್ಕೇ ನಾಲ್ಕು; ಆದರೂ ಹಾಡು ಯಾವುದೆಂದು ತಿಳಿಯುವ ಹೊತ್ತಿಗೆ ಅದು ಮುಗಿದಿರುತ್ತಿತ್ತು.

ಆದ್ದರಿಂದ ನನ್ನ ವಾದ ಇಷ್ಟೇ. ಸದ್ದಿನ ಪ್ರಮಾಣ ಬೇರೆ, ಸದ್ದಿನ ಶುದ್ಧಿ ಬೇರೆ. ನಾವು ಹೊಗಳುವ ಕಛೇರಿಗಳು ಬರೀ ಜೋರಾಗಿದ್ದವು ಎಂದು ನಾವು ಅವುಗಳನ್ನು ನೆನಪಿಟ್ಟುಕೊಂಡಿಲ್ಲ. ಅಷ್ಟು ಜೋರಿನಲ್ಲೂ ಸಂಗೀತ ಕೆಡದೆ ಉಳಿದಿತ್ತು, ಅದಕ್ಕಾಗಿ ನೆನಪಿಟ್ಟುಕೊಂಡಿದ್ದೇವೆ. ಒಪ್ಪುವವರೂ ಒಪ್ಪದವರೂ ತಮ್ಮ ಅನುಭವ ಬರೆಯಬೇಕು.

ವಾಡಿ_ಜಂಕ್ಷನ್

ಒಪ್ಪುವುದಿಲ್ಲ ಅಣ್ಣಾವರೇ. 2011ರ ಅಕ್ಟೋಬರ್ 30ರಂದು ಅದೇ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ನಾನು ವೇದಿಕೆಗೆ ಬಹಳ ಹತ್ತಿರದಲ್ಲಿದ್ದೆ. ಡ್ರಮ್ಮಿನವರು ಎರಡೂ ಕಾಲಿನಿಂದ ಬೇಸ್ ಡ್ರಮ್ ಬಾರಿಸತೊಡಗಿದಾಗ ಆ ಪೆಟ್ಟು ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತಿತ್ತು. ಅದೇ ಹಾಡನ್ನು ಮನೆಯಲ್ಲಿ ಎಷ್ಟು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೂ ಆ ಅನುಭವ ಬರಲಾರದು, ಏಕೆಂದರೆ ಹೆಡ್‌ಫೋನ್ ಕಿವಿಗೆ ಮಾತ್ರ ಕೇಳಿಸುತ್ತದೆ, ಮೈಗೆ ಕೇಳಿಸುವುದಿಲ್ಲ. ರಾಕ್ ಸಂಗೀತದಲ್ಲಿ ಅಬ್ಬರವೂ ಒಂದು ವಾದ್ಯವೇ. ಗಿಟಾರನ್ನು ತೆಗೆದುಹಾಕಿ ರಾಕ್ ಕೇಳಿ ಎಂದು ಯಾರೂ ಹೇಳುವುದಿಲ್ಲ. ಅಬ್ಬರವನ್ನು ತೆಗೆದುಹಾಕಿ ಕೇಳಿ ಎಂದು ಏಕೆ ಹೇಳಬೇಕು?

ತೊಗರಿಹೊಲ

ನಾನೂ ಅಂದು ಅಲ್ಲಿಯೇ ಇದ್ದೆ. ವಾಡಿಯವರ ಮಾತು ಅಕ್ಷರಶಃ ನಿಜ.

ಕೋಟೆಬಾಗಿಲು

ಅಬ್ಬರವನ್ನು ತೆಗೆಯಿರಿ ಎಂದು ನಾನೆಲ್ಲಿ ಹೇಳಿದೆ ತಮ್ಮಾ? ಮೇಡನ್ ಕಛೇರಿಯ ಅಬ್ಬರ ನನಗೂ ಪ್ರಿಯವೇ. ಅಬ್ಬರವೊಂದೇ ಸಾಕು ಎನ್ನುವವರನ್ನು ಕುರಿತು ನನ್ನ ಆಕ್ಷೇಪ.

ಭೀಮಾತೀರ

ಈ ಚರ್ಚೆಯಲ್ಲಿ ಡೀಪ್ ಪರ್ಪಲ್ ತಂಡದ ಹೆಸರನ್ನು ಯಾರೂ ಎತ್ತಲಿಲ್ಲವಲ್ಲ! 1972ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಅವರ ಸದ್ದು 117 ಡೆಸಿಬಲ್ ಮುಟ್ಟಿತ್ತು, ಪ್ರೇಕ್ಷಕರಲ್ಲಿ ಮೂವರು ಪ್ರಜ್ಞೆ ತಪ್ಪಿದ್ದರು ಎಂದು ಗಿನ್ನೆಸ್ ಪುಸ್ತಕದಲ್ಲೇ ದಾಖಲಾಗಿತ್ತು. ನಾವು ಮಾತನಾಡುವ ಸದ್ದು 60 ಡೆಸಿಬಲ್ ಎಂದುಕೊಂಡರೆ ಇದು ಅದರ ಹತ್ತಿರ ಹತ್ತಿರ ಎರಡರಷ್ಟು. ಗಿನ್ನೆಸ್‌ನಲ್ಲಿ ಇಂದಿಗೂ ಈ ದಾಖಲೆಗಾಗಿ ತಂಡಗಳ ನಡುವೆ ಪೈಪೋಟಿ ನಡೆದೇ ಇದೆ.

ನಿವೃತ್ತ_ಮೇಷ್ಟ್ರು (ಕಲಬುರಗಿ)

ಭೀಮಾತೀರದವರೇ, ಭೌತಶಾಸ್ತ್ರ ಬೋಧಿಸಿದವನಾದ್ದರಿಂದ ಎರಡು ವಿಷಯಗಳನ್ನು ತಿದ್ದಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲನೆಯದಾಗಿ, ಡೆಸಿಬಲ್ ಲಾಗರಿದಮ್ ಅಳತೆ. ಪ್ರತಿ 10 ಡೆಸಿಬಲ್ ಹೆಚ್ಚಳಕ್ಕೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಹಾಗಾಗಿ 60ಕ್ಕೆ ಹೋಲಿಸಿದರೆ 120 ಡೆಸಿಬಲ್ ಎಂದರೆ ಎರಡು ಪಟ್ಟಲ್ಲ, ಹತ್ತು ಲಕ್ಷ ಪಟ್ಟು ಶಕ್ತಿ. ನಮ್ಮ ಕಿವಿಗೆ ಅದು ಹತ್ತು ಲಕ್ಷ ಪಟ್ಟು ಜೋರಾಗಿ ಅನ್ನಿಸುವುದಿಲ್ಲ. 10 ಡೆಸಿಬಲ್ ಏರಿದರೆ ಸದ್ದು ಸುಮಾರು ಇಮ್ಮಡಿಯಾದಂತೆ ಅನ್ನಿಸುತ್ತದೆ, ಅಷ್ಟೆ. ಅಪಾಯ ಅಡಗಿರುವುದು ಇಲ್ಲಿಯೇ. ಕಿವಿಗೆ ಬೀಳುವ ಶಕ್ತಿ ಹತ್ತು ಪಟ್ಟಾದಾಗಲೂ ನಮಗೆ ‘ಸ್ವಲ್ಪ ಜಾಸ್ತಿಯಾಯಿತು’ ಎಂದಷ್ಟೇ ಅನ್ನಿಸುತ್ತದೆ.

ಎರಡನೆಯದಾಗಿ, ಡೀಪ್ ಪರ್ಪಲ್ ನಂತರ 1976ರ ಮೇ 31ರಂದು ಲಂಡನ್ನಿನ ಚಾರ್ಲ್ಟನ್ ಫುಟ್‌ಬಾಲ್ ಮೈದಾನದಲ್ಲಿ ‘ದಿ ಹೂ’ ತಂಡ ನುಡಿಸಿತು. ಧ್ವನಿವರ್ಧಕಗಳಿಂದ 32 ಮೀಟರ್ ದೂರದಲ್ಲಿ 126 ಡೆಸಿಬಲ್ ಅಳೆಯಲಾಯಿತೆಂದು ಗಿನ್ನೆಸ್ ಅದನ್ನು ದಾಖಲಿಸಿತು. ಆದರೆ ಪೈಪೋಟಿ ಈಗಿಲ್ಲ. ಜನರ ಶ್ರವಣಶಕ್ತಿಗೆ ಹಾನಿಯಾಗುವ ಇಂಥ ಸ್ಪರ್ಧೆಗೆ ಉತ್ತೇಜನ ಕೊಡಬಾರದೆಂದು ಗಿನ್ನೆಸ್ ಆ ವಿಭಾಗವನ್ನೇ ಕೈಬಿಟ್ಟಿತು. ತಂಡಗಳು ಆಮೇಲೆಯೂ ತಾವೇ ಅಳೆದು ತಾವೇ ಸಾರಿಕೊಂಡದ್ದುಂಟು. ಅದು ಬೇರೆ ಮಾತು.

ಭೀಮಾತೀರ

ಮೇಷ್ಟ್ರೇ, ವಿವರಣೆಗೆ ಧನ್ಯವಾದಗಳು. ಹಾಗಿದ್ದರೆ ‘ದಿ ಹೂ’ ತಂಡದ 126ಕ್ಕೂ ಪರ್ಪಲ್ ತಂಡದ 117ಕ್ಕೂ ನಡುವಿನ ಅಂತರ ಶಕ್ತಿಯ ಲೆಕ್ಕದಲ್ಲಿ ಸುಮಾರು ಎಂಟು ಪಟ್ಟು ಎಂದಾಯಿತು. ಆದರೂ ಮುಚ್ಚಿದ ಥಿಯೇಟರಿನ 117 ಮತ್ತು ಬಯಲಿನ 126 ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಸರಿಯೇ?

ಮೈಕ್‌ಸೆಟ್_ಸೇಡಂ

ಸರಿಯಲ್ಲ. ಭೀಮಾತೀರದವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ನಾನು ಮದುವೆ, ಜಾತ್ರೆ, ಕಾಲೇಜು ಕಾರ್ಯಕ್ರಮಗಳಿಗೆ ಮೈಕ್ ಸೆಟ್ ಕೊಡುವವನು. ಬೆಂಗಳೂರಿನ ದೊಡ್ಡ ಕಛೇರಿಗಳಿಗೆ ಹೋದಾಗ ಎಲ್ಲರೂ ವೇದಿಕೆಯನ್ನು ನೋಡಿದರೆ ನನ್ನ ಕಣ್ಣು ಮಾತ್ರ ಬಾಕ್ಸುಗಳ ಮೇಲಿರುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮುಚ್ಚಿದ ಸಭಾಂಗಣದಲ್ಲಿ ಸದ್ದು ಗೋಡೆಗೆ ಬಡಿದು, ಛಾವಣಿಗೆ ಬಡಿದು ಮತ್ತೆ ಮತ್ತೆ ಕಿವಿಗೆ ಬರುತ್ತದೆ. ಗಾಯಕರ ಒಂದು ಪದ ಇನ್ನೂ ಕೋಣೆಯಲ್ಲಿ ತಿರುಗುತ್ತಿರುವಾಗಲೇ ಮುಂದಿನ ಪದ ಬಂದು ಅದರ ಮೇಲೆ ಬೀಳುತ್ತದೆ. ಶಹಾಬಾದ ಕಲ್ಲಿನ ನೆಲ, ಬೋಳು ಗೋಡೆ, ತಗಡಿನ ಛಾವಣಿ ಇರುವ ಹಾಲಿನಲ್ಲಿ ವಾಲ್ಯೂಮ್ ಏರಿಸಿದಷ್ಟೂ ಗೊಂದಲವೇ ಏರುತ್ತದೆ. ಕೋಟೆಬಾಗಿಲು ಅಣ್ಣಾವರು ಕಾಲೇಜಿನಲ್ಲಿ ಅನುಭವಿಸಿದ್ದು ಇದನ್ನೇ. ಆಪರೇಟರ್ ಹಾಡು ಕೇಳಿಸುತ್ತಿಲ್ಲವೆಂದು ಇನ್ನಷ್ಟು ಏರಿಸುತ್ತಾನೆ, ಗಿಟಾರಿನವನು ತನ್ನ ಆಂಪ್ಲಿಫೈಯರ್ ತನಗೇ ಕೇಳಿಸುತ್ತಿಲ್ಲವೆಂದು ಅದನ್ನು ಏರಿಸುತ್ತಾನೆ, ಕೊನೆಗೆ ಎಲ್ಲವೂ ಏರಿ ಯಾವುದೂ ಕೇಳಿಸದಂತಾಗುತ್ತದೆ.

ಬಯಲಿನಲ್ಲಿ ಸಮಸ್ಯೆ ಬೇರೆ. ಅಲ್ಲಿ ಗೋಡೆಯಿಲ್ಲ, ಆದರೆ ದೂರವಿದೆ. ನೆಲದ ಮೇಲೆ ಒಂದು ಬಾಕ್ಸ್ ಇಟ್ಟರೆ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಹಿಂದಿನವರಿಗೆ ಕೇಳಿಸಬೇಕೆಂದು ಏರಿಸಿದರೆ ಮುಂದಿನವರ ಕಿವಿ ಹೋಗುತ್ತದೆ. ವೇದಿಕೆಯ ಎರಡೂ ಬದಿಗೆ ಬಾಳೆಗೊನೆಯಂತೆ ಬಾಗಿ ನೇತಾಡುವ ಬಾಕ್ಸುಗಳ ಸಾಲನ್ನು ನೀವೆಲ್ಲ ನೋಡಿರುತ್ತೀರಿ; ಅದನ್ನು ಲೈನ್ ಅರೇ ಎನ್ನುತ್ತಾರೆ. 1990ರ ದಶಕದಲ್ಲಿ ಫ್ರಾನ್ಸಿನ ಎಲ್-ಅಕೌಸ್ಟಿಕ್ಸ್ ಕಂಪನಿಯಿಂದ ಇದು ಪ್ರಚಾರಕ್ಕೆ ಬಂತು. ಮೇಲಿನ ಬಾಕ್ಸುಗಳು ದೂರದವರಿಗೆ, ಕೆಳಗಿನವು ಹತ್ತಿರದವರಿಗೆ ಗುರಿಯಿಟ್ಟಿರುತ್ತವೆ. ಇದರಿಂದ ಸದ್ದು ಮೈದಾನದ ತುಂಬ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗುತ್ತದೆ.

ಇಷ್ಟಾದರೂ ತೀರಾ ಹಿಂದಿನವರಿಗೆ ಸಾಲದು. ಅದಕ್ಕಾಗಿ ಮೈದಾನದ ನಡುವೆ ಇನ್ನೊಂದು ಜೊತೆ ಕಂಬಗಳನ್ನು ನಿಲ್ಲಿಸಿ ಬಾಕ್ಸ್ ಕಟ್ಟುತ್ತಾರೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಮಾತ್ರ ಸಾಗುತ್ತದೆ, ತಂತಿಯಲ್ಲಿ ಮಾತ್ರ ಕ್ಷಣಮಾತ್ರದಲ್ಲಿ ತಲುಪುತ್ತದೆ. ವೇದಿಕೆಯಿಂದ ನೂರು ಮೀಟರ್ ದೂರದ ಕಂಬಕ್ಕೆ ಸದ್ದನ್ನು ಸುಮಾರು 0.3 ಸೆಕೆಂಡ್ ತಡಮಾಡಿ ಕೊಡದಿದ್ದರೆ ಅಲ್ಲಿದ್ದವರಿಗೆ ಪ್ರತಿ ಪೆಟ್ಟೂ ಎರಡೆರಡು ಬಾರಿ ಕೇಳಿಸುತ್ತದೆ. ಇಷ್ಟನ್ನೆಲ್ಲ ಲೆಕ್ಕಹಾಕಿ ಕೂರಿಸುವವರನ್ನು ಯಾರೂ ಚಪ್ಪಾಳೆ ತಟ್ಟಿ ವೇದಿಕೆಗೆ ಕರೆಯುವುದಿಲ್ಲ ಎಂಬ ನೋವು ನನಗಿದೆ.

ಬೀದರ್_ಬಯಲು

ಸೇಡಂ ಕಾಕಾ, ಇದು ಈ ಚರ್ಚೆಯಲ್ಲಿ ನಾನು ಓದಿದ ಅತ್ಯುತ್ತಮ ಬರಹ. ಒಂದು ಸಂದೇಹ ಕೇಳಲೇ? ರಾತ್ರಿ ಹೊತ್ತು ಸದ್ದು ಹೆಚ್ಚು ದೂರ ಸಾಗುವುದು ನಿಜವೇ, ಅಥವಾ ಊರು ಮೌನವಾಗಿರುವುದರಿಂದ ಹಾಗೆ ಅನ್ನಿಸುತ್ತದೆಯೇ?

ಮೈಕ್‌ಸೆಟ್_ಸೇಡಂ

ಎರಡೂ ನಿಜ. ನಮ್ಮ ಬೇಸಿಗೆಯ ಹಗಲಿನಲ್ಲಿ ನೆಲ ಕಾದು ನೆಲದ ಪಕ್ಕದ ಗಾಳಿ ಬಿಸಿಯಾಗಿರುತ್ತದೆ, ಆಗ ಸದ್ದು ಮೇಲಕ್ಕೆ ಬಾಗಿ ಹೋಗಿಬಿಡುತ್ತದೆ. ರಾತ್ರಿ ನೆಲ ತಣಿದು ಮೇಲಿನ ಗಾಳಿಯೇ ಬಿಸಿಯಾಗಿದ್ದರೆ ಸದ್ದು ಕೆಳಕ್ಕೆ ಬಾಗಿ ದೂರದ ಹಳ್ಳಿಯವರೆಗೂ ಹೋಗುತ್ತದೆ. ಎರೆಹೊಲದ ಬಯಲಿನಲ್ಲಿ ತಡೆಯುವ ಗುಡ್ಡವಾಗಲಿ ಕಾಡಾಗಲಿ ಇಲ್ಲವಾದ್ದರಿಂದ ನಮ್ಮ ಕಡೆ ಇದು ಇನ್ನೂ ಸ್ಪಷ್ಟವಾಗಿ ಗೊತ್ತಾಗುತ್ತದೆ. ಸಂಜೆ ಸೌಂಡ್ ಚೆಕ್ ಮಾಡಿ ಇಟ್ಟ ಮಟ್ಟವನ್ನು ರಾತ್ರಿ ಮತ್ತೆ ನೋಡಲೇಬೇಕು.

ಬೀದರ್_ಬಯಲು

ಧನ್ಯವಾದಗಳು. ಅಬ್ಬರದ ವಿಷಯದಲ್ಲಿ ಬೀದರಿನವರಾದ ನಮಗೆ ಬೇರೆಯದೇ ಅನುಭವವಿದೆ. ವಾಯುಪಡೆಯ ತರಬೇತಿ ಕೇಂದ್ರ ನಮ್ಮೂರಲ್ಲೇ ಇರುವುದರಿಂದ ಹಾಕ್ ವಿಮಾನಗಳ ಸದ್ದನ್ನು ಕೇಳುತ್ತಲೇ ಬೆಳೆದಿದ್ದೇವೆ; ಆಗಸದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ನೆಲೆಯೂ ಇದೇ. ಚಿಕ್ಕಂದಿನಲ್ಲಿ ತರಗತಿಯ ಮೇಲೆ ವಿಮಾನ ಹಾದುಹೋಗುವಾಗ ಶಿಕ್ಷಕರು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ದಾಟಿದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಆದ್ದರಿಂದ ಹೈದರಾಬಾದಿನಲ್ಲಿ ನನ್ನ ಮೊದಲ ರಾಕ್ ಕಛೇರಿಗೆ ಹೋಗುವಾಗ, ಇದಕ್ಕಿಂತ ಹೆಚ್ಚಿನ ಸದ್ದನ್ನು ಕೇಳಿದ್ದೇನೆ ಎಂಬ ಧೈರ್ಯ ನನಗಿತ್ತು. ಆದರೆ ವಿಮಾನ ಅರ್ಧ ನಿಮಿಷದಲ್ಲಿ ಕಣ್ಮರೆಯಾಗುತ್ತದೆ. ಕಛೇರಿಯಲ್ಲಿ ಎರಡು ಗಂಟೆಯಾದರೂ ಸದ್ದು ದಾಟಿ ಹೋಗುವುದೇ ಇಲ್ಲ.

ಶ್ರವಣ_ಪರೀಕ್ಷಕಿ (ಕಲಬುರಗಿ)

ಬೀದರಿನವರು ಬರೆದ ಕೊನೆಯ ಎರಡು ವಾಕ್ಯಗಳೇ ನನ್ನ ವೃತ್ತಿಯ ಸಾರ. ಕಿವಿಗೆ ಆಗುವ ಹಾನಿಯನ್ನು ಸದ್ದಿನ ಮಟ್ಟವೊಂದೇ ನಿರ್ಧರಿಸುವುದಿಲ್ಲ, ಎಷ್ಟು ಹೊತ್ತು ಕೇಳಿದಿರಿ ಎಂಬುದೂ ನಿರ್ಧರಿಸುತ್ತದೆ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಯಾಶ್ ಹಾಕಿಕೊಟ್ಟ ಲೆಕ್ಕದಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಅವಧಿ ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು ಗಂಟೆ, 94ಕ್ಕೆ ಒಂದು ಗಂಟೆ. ಹೀಗೆ 100ಕ್ಕೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗಾಗಿ ಹೊರಡಿಸಿದ ಮಾನದಂಡವೂ 15 ನಿಮಿಷಗಳ ಸರಾಸರಿ 100 ಡೆಸಿಬಲ್ ಮೀರಬಾರದೆಂದು ಹೇಳುತ್ತದೆ. ವೇದಿಕೆಯ ಮುಂದಿನ ಸಾಲಿನಲ್ಲಿ ಇಡೀ ಕಛೇರಿ ನಿಂತವರು ಎಷ್ಟು ದಿನಗಳ ಪಾಲನ್ನು ಒಂದೇ ಸಂಜೆ ತೆಗೆದುಕೊಂಡಿದ್ದಾರೆಂದು ನೀವೇ ಊಹಿಸಿ.

ಒಳಗಿವಿಯ ಶಂಖದಂಥ ಭಾಗದಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿರುತ್ತವೆ. ಸದ್ದಿನ ಅಲೆಯನ್ನು ನರದ ಸಂಕೇತವನ್ನಾಗಿ ಬದಲಿಸುವವು ಅವೇ. ಒಂದು ಸಂಜೆಯ ಅಬ್ಬರಕ್ಕೆ ಅವು ದಣಿದು ಬಾಗುತ್ತವೆ, ಆಗ ಎಲ್ಲವೂ ಮಂದವಾಗಿ ಕೇಳಿಸುತ್ತದೆ, ಕಿವಿಯೊಳಗೆ ‘ಗುಂಯ್’ ಎಂಬ ನಾದ ಹುಟ್ಟುತ್ತದೆ. ಒಂದೆರಡು ದಿನದಲ್ಲಿ ಸರಿಹೋದರೆ ಜನ ನಿಶ್ಚಿಂತರಾಗುತ್ತಾರೆ. ಮತ್ತೆ ಮತ್ತೆ ಹೀಗಾದರೆ ಕೋಶಗಳು ಸಾಯುತ್ತವೆ. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಪರೀಕ್ಷೆ ಮಾಡಿ ಯಾವ ಸ್ವರ ಎಷ್ಟು ಕೇಳುತ್ತದೆಂಬ ನಕ್ಷೆ ತೆಗೆದಾಗ 4,000 ಹರ್ಟ್ಸ್‌ನ (ಸೆಕೆಂಡಿಗೆ 4,000 ಕಂಪನಗಳ) ಏರುಸ್ವರದ ಹತ್ತಿರ ಒಂದು ಕುಳಿ ಕಾಣಿಸಿದರೆ ಅದು ಅತಿ ಸದ್ದಿನ ಗುರುತು. ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದ ಹಿರಿಯರಲ್ಲಿ ನಾವು ನೋಡುತ್ತಿದ್ದ ಆ ಕುಳಿಯನ್ನು ಈಗ ಇಪ್ಪತ್ತರ ಹುಡುಗರಲ್ಲಿ ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ವಾಡಿ_ಜಂಕ್ಷನ್

ಅಕ್ಕಾವರೇ, ತಮ್ಮ ಕಾಳಜಿಗೆ ಗೌರವವಿದೆ. ಆದರೆ ನಾನು ಫೋನಿನ ಆ್ಯಪಿನಲ್ಲಿ ಅಳೆದು ನೋಡಿದ್ದೇನೆ, ಮುಂದಿನ ಸಾಲಿನಲ್ಲೂ 100 ದಾಟಿರಲಿಲ್ಲ. ಅಲ್ಲದೆ ಕಿವಿಗೆ ಬಿರಡೆ ಹಾಕಿಕೊಂಡು ರಾಕ್ ಕೇಳುವುದಾದರೆ ಅಷ್ಟು ದೂರ ಹೋಗುವುದೇಕೆ?

ಶ್ರವಣ_ಪರೀಕ್ಷಕಿ

ಫೋನಿನ ಮೈಕ್ ಮಾತಿಗಾಗಿ ಮಾಡಿದ್ದು. ಅಬ್ಬರ ಹೆಚ್ಚಾದಂತೆ ಅದು ಒಂದು ಮಟ್ಟದಲ್ಲಿ ತುಂಬಿಹೋಗಿ, ಮೇಲಿನ ಸದ್ದನ್ನು ತೋರಿಸುವುದೇ ಇಲ್ಲ. ಇನ್ನೊಂದು ವಿಷಯವೆಂದರೆ, ಸಾಮಾನ್ಯ ಅಳತೆಯಲ್ಲಿ ಮಂದ್ರ ಸ್ವರಗಳಿಗೆ ಕಡಿಮೆ ತೂಕ ಕೊಡುತ್ತಾರೆ. ನಿಮ್ಮ ಹೊಟ್ಟೆಗೆ ತಾಗಿತೆಂದು ನೀವೇ ಬರೆದ ಆ ಬೇಸ್ ಡ್ರಮ್ಮಿನ ಬಹುಪಾಲು ಆ ಅಂಕಿಯಲ್ಲಿ ಸೇರಿಯೇ ಇರುವುದಿಲ್ಲ.

ಬಿರಡೆಯ ಬಗ್ಗೆ ಹೇಳುವುದಾದರೆ, ಸಂಗೀತಗಾರರಿಗಾಗಿಯೇ ಮಾಡಿದ ಬಿರಡೆಗಳಿವೆ. ಅವು ಏರುಸ್ವರ, ಇಳಿಸ್ವರ ಎರಡನ್ನೂ ಸಮನಾಗಿ ತಗ್ಗಿಸುವುದರಿಂದ ಸಂಗೀತದ ಬಣ್ಣ ಕೆಡುವುದಿಲ್ಲ. ಮೈಗೆ ತಾಗುವ ಪೆಟ್ಟನ್ನು ಯಾವ ಬಿರಡೆಯೂ ತಡೆಯಲಾರದು, ಅದು ಚರ್ಮ, ಎಲುಬುಗಳ ಮೂಲಕವೇ ಬರುತ್ತದೆ. ಆದ್ದರಿಂದ ನೀವು ಪ್ರೀತಿಸುವ ಅನುಭವ ಎಲ್ಲಿಯೂ ಹೋಗುವುದಿಲ್ಲ.

ಯಾದಗಿರಿ_ಗಿಟಾರ್

ನಾನು ತಂಡವೊಂದರಲ್ಲಿ ಗಿಟಾರ್ ನುಡಿಸುತ್ತಿದ್ದವನು. ಡ್ರಮ್ಮಿನ ತಾಳಗಳ (ಸಿಂಬಲ್) ಪಕ್ಕವೇ ನನ್ನ ಜಾಗ. ಎಡಗಿವಿ ಯಾವಾಗಲೂ ಅವುಗಳ ಕಡೆಗೇ ಇರುತ್ತಿತ್ತು. ಒಂದು ಕಾರ್ಯಕ್ರಮ ಮುಗಿಸಿ ರಾತ್ರಿ ರೈಲಿನಲ್ಲಿ ಯಾದಗಿರಿಗೆ ಮರಳುವಾಗ ಬೋಗಿಯ ಚಕ್ರದ ಸದ್ದು ಬಲಗಡೆ ಮಾತ್ರ ಕೇಳುತ್ತಿತ್ತು. ಎಡಗಡೆ ತೆಳುವಾದ ಒಂದೇ ಸ್ವರ ಎಳೆದುಕೊಂಡೇ ಇತ್ತು. ಆ ಸ್ವರ ಇಂದಿಗೂ ನಿಂತಿಲ್ಲ. ಹಗಲು ಕೆಲಸದ ನಡುವೆ ಮರೆತಿರುತ್ತೇನೆ, ಮಲಗಿದಾಗ ಅದೊಂದೇ ಕೇಳುತ್ತದೆ. ಮಗ್ಗುಲಲ್ಲಿ ಫ್ಯಾನ್ ಹಚ್ಚಿಟ್ಟು ಅದರ ಸದ್ದಿನಲ್ಲಿ ಇದನ್ನು ಮುಳುಗಿಸಿ ನಿದ್ದೆ ಮಾಡುತ್ತೇನೆ.

ಇದು ನನ್ನೊಬ್ಬನ ಕಥೆಯಲ್ಲ. ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್ ತಮ್ಮ ಕಿವಿಯ ತೊಂದರೆಯ ಬಗ್ಗೆ ಬಹಿರಂಗವಾಗಿ ಮಾತನಾಡಿದ್ದಾರೆ. ಮೆಟಾಲಿಕಾದ ಲಾರ್ಸ್ ಉಲ್ರಿಚ್ ಕಿವಿಮೊರೆತವನ್ನು ಹೊತ್ತುಕೊಂಡೇ ಬದುಕುತ್ತಿದ್ದಾರೆ. ಎಸಿ/ಡಿಸಿ ತಂಡದ ಗಾಯಕ ಬ್ರಯಾನ್ ಜಾನ್ಸನ್ 2016ರಲ್ಲಿ, ಮುಂದುವರಿದರೆ ಪೂರ್ತಿ ಕಿವುಡಾಗುವ ಅಪಾಯವಿದೆಯೆಂದು ವೈದ್ಯರು ಹೇಳಿದ್ದರಿಂದ ಪ್ರವಾಸವನ್ನು ಅರ್ಧಕ್ಕೆ ಬಿಡಬೇಕಾಯಿತು. ವಾಡಿಯವರೇ, ಅಬ್ಬರವೂ ಒಂದು ವಾದ್ಯ ಎಂಬ ನಿಮ್ಮ ಮಾತು ನನಗೆ ಬಹಳ ಹಿಡಿಸಿತು, ಅದನ್ನು ನಾನೂ ನಂಬುತ್ತೇನೆ. ಆದರೆ ಆ ವಾದ್ಯವನ್ನು ಹಿಡಿಯುವ ಕ್ರಮವನ್ನು ನಮಗೆ ಯಾರೂ ಕಲಿಸಲಿಲ್ಲ.

ತೊಗರಿಹೊಲ

ಓದಿ ಮನಸ್ಸು ಭಾರವಾಯಿತು ಅಣ್ಣಾ. ಈಗಲೂ ನುಡಿಸುತ್ತೀರಾ?

ಯಾದಗಿರಿ_ಗಿಟಾರ್

ನುಡಿಸುತ್ತೇನೆ. ಮನೆಯಲ್ಲಿ, ಆಂಪ್ಲಿಫೈಯರ್ ಇಲ್ಲದ ಗಿಟಾರನ್ನು.

ಸ್ಟೇಷನ್_ರಸ್ತೆ

ಈ ಅಬ್ಬರ ಎಲ್ಲಿಂದ ಹುಟ್ಟಿತು ಎಂಬುದನ್ನೂ ಯೋಚಿಸಬೇಕು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ನುಡಿಸಿದಾಗ ಐವತ್ತೈದು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅಭಿಮಾನಿಗಳ ಕಿರುಚಾಟ ಎಷ್ಟಿತ್ತೆಂದರೆ, ವಾಕ್ಸ್ ಕಂಪನಿಯ 100 ವ್ಯಾಟ್ ಆಂಪ್ಲಿಫೈಯರುಗಳಿದ್ದರೂ ವೇದಿಕೆಯ ಮೇಲಿದ್ದವರಿಗೆ ತಮ್ಮ ಹಾಡು ತಮಗೇ ಕೇಳಲಿಲ್ಲ. ಅದೇ ಕಾಲಕ್ಕೆ ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅವರ ಅಂಗಡಿಗೆ ಟೌನ್‌ಶೆಂಡ್‌ರಂಥ ಹುಡುಗರು ಬಂದು ಇನ್ನೂ ಜೋರಾದ ಆಂಪ್ಲಿಫೈಯರ್ ಬೇಕೆಂದು ಕೇಳುತ್ತಿದ್ದರು. ಅಂದರೆ ಅಬ್ಬರ ಮೊದಲಿಗೆ ಅಹಂಕಾರದಿಂದ ಬಂದದ್ದಲ್ಲ, ಅಷ್ಟು ಜನರಿಗೆ ಕೇಳಿಸಬೇಕೆಂಬ ಅಗತ್ಯದಿಂದ ಬಂದದ್ದು. ಇವತ್ತು ಸೇಡಂ ಕಾಕಾ ವಿವರಿಸಿದ ವ್ಯವಸ್ಥೆ ಇರುವಾಗ ಆ ಅಗತ್ಯ ತೀರಿದೆ. ಆದರೂ ಏರಿಸುತ್ತಲೇ ಇದ್ದರೆ ಅದಕ್ಕೆ ಬೇರೆ ಕಾರಣ ಕೊಡಬೇಕಾಗುತ್ತದೆ.

ಹಲಗಿ_ಮನೆತನ

ರಾಕ್ ಕಛೇರಿಗೆ ನಾನು ಹೋದದ್ದು ಕಡಿಮೆ, ಆದರೆ ಸದ್ದಿನ ಮಧ್ಯೆಯೇ ಹುಟ್ಟಿದವನು. ಜೋಳದ ಕಣಕಿಯ ಉರಿಗೆ ಹಲಗಿಯ ಚರ್ಮವನ್ನು ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಟಣ್ ಎಂದು ಬಿಗಿಯಾದ ನಾದ ಬಂದ ಮೇಲೆಯೇ ನಮ್ಮ ಹಿರಿಯರು ಹೆಗಲಿಗೆ ಹಾಕುತ್ತಿದ್ದರು. ಹತ್ತು ಹಲಗಿಗಳು ಒಟ್ಟಿಗೆ ನುಡಿದಾಗ ಪಕ್ಕದಲ್ಲಿ ನಿಂತವರಿಗೆ ಮಾತು ಕೇಳುವುದಿಲ್ಲ. ಅಪ್ಪಾಜಿಯವರಿಗೆ ಅರವತ್ತರ ವಯಸ್ಸಿಗೇ ಕಿವಿ ಮಂದವಾಗಿತ್ತು. ವಯಸ್ಸಾಯಿತು ಎಂದಷ್ಟೇ ನಾವು ತಿಳಿದಿದ್ದೆವು. ಅಕ್ಕಾವರು ಹೇಳಿದ 4,000 ಹರ್ಟ್ಸ್ ಕುಳಿಯ ವಿಷಯ ಓದಿದ ಮೇಲೆ ನಾನೂ ಪರೀಕ್ಷೆ ಮಾಡಿಸಬೇಕೆಂದುಕೊಂಡಿದ್ದೇನೆ.

ಒಂದು ಮಾತು ಮಾತ್ರ ಹೇಳಬೇಕು. ಹಲಗಿಯಲ್ಲಿ ಬಿಡುವು ಇದೆ. ನುಡಿಸುವವರ ಕೈ ದಣಿಯುತ್ತದೆ, ಚರ್ಮ ಸಡಿಲಾಗುತ್ತದೆ, ಮತ್ತೆ ಕಾಯಿಸಲು ನಿಲ್ಲಿಸಲೇಬೇಕು. ಯಂತ್ರದ ಬಾಕ್ಸಿಗೆ ದಣಿವಿಲ್ಲ.

ಶ್ರವಣ_ಪರೀಕ್ಷಕಿ

ಹಲಗಿ ಅಣ್ಣಾ, ಖಂಡಿತ ಪರೀಕ್ಷೆ ಮಾಡಿಸಿ. ಹಲಗಿಯಂಥ ಪೆಟ್ಟಿನ ಸದ್ದು ಒಮ್ಮೆಲೇ ಏರುವುದರಿಂದ ಕಿವಿಯ ಸ್ನಾಯುಗಳು ಬಿಗಿದುಕೊಂಡು ರಕ್ಷಿಸುವಷ್ಟು ಸಮಯವೂ ಸಿಗುವುದಿಲ್ಲ. ನೀವು ಹೇಳಿದ ಬಿಡುವೇ ಕಿವಿಗೆ ದೊಡ್ಡ ಉಪಕಾರ. ರಾಕ್ ಕಛೇರಿಗೆ ಹೋಗುವವರೂ ಮಧ್ಯೆ ಹತ್ತು ನಿಮಿಷ ದೂರ ಹೋಗಿ ನಿಂತು ಬರುವುದು ಒಳ್ಳೆಯದು.

ಜಗತ್_ವೃತ್ತ

ಕಛೇರಿಗೆ ಟಿಕೆಟ್ ಕೊಂಡು ಹೋಗುವವರು ತಾವಾಗಿ ಹೋಗುತ್ತಾರೆ, ಬೇಡವಾದರೆ ಹೊರಗೆ ಬರುತ್ತಾರೆ. ಮೆರವಣಿಗೆಯಲ್ಲಿ ಅದೇ ಬಾಕ್ಸುಗಳನ್ನು ಲಾರಿಗೆ ಕಟ್ಟಿ ನಮ್ಮ ಓಣಿಗೆ ತಂದಾಗ ಮನೆಯೊಳಗಿರುವ ನಾವು ಎಲ್ಲಿಗೆ ಹೋಗಬೇಕು? ಹಾಸಿಗೆ ಹಿಡಿದ ಅತ್ತೆಯವರ ಕೋಣೆಯ ಕಿಟಕಿಯ ಗಾಜು ಗಂಟೆಗಟ್ಟಲೆ ನಡುಗಿದ್ದನ್ನು ನೋಡಿದ್ದೇನೆ. ರಾಕ್ ಸಂಗೀತವನ್ನು ನಾನು ದ್ವೇಷಿಸುವುದಿಲ್ಲ, ಕಾಲೇಜಿನ ದಿನಗಳಲ್ಲಿ ನಾನೂ ಕೇಳಿದವಳೇ. ಒಪ್ಪಿಗೆಯಿಲ್ಲದೆ ಮನೆಯೊಳಗೆ ನುಗ್ಗುವ ಸದ್ದನ್ನು ಮಾತ್ರ ಸಂಗೀತವೆಂದು ಕರೆಯಲಾರೆ.

ಡಿಜೆ_ಹುಡುಗ

ವೈನಿ, ವರ್ಷಕ್ಕೊಮ್ಮೆ ಬರುವ ಹಬ್ಬ. ಬೆಂಗಳೂರಿನ ಟಿಕೆಟ್ಟಿಗೆ ಸಾವಿರಾರು ರೂಪಾಯಿ ಕೊಡಲಾಗದ ಹುಡುಗರಿಗೆ ಎದೆ ಅದುರುವ ಆ ಅನುಭವ ಸಿಗುವುದು ಆ ಲಾರಿಯ ಹಿಂದೆ ಮಾತ್ರ. ದುಡ್ಡಿದ್ದವರ ಅಬ್ಬರ ಕಲೆ, ನಮ್ಮ ಅಬ್ಬರ ಉಪದ್ರವ ಎನ್ನುವುದು ನ್ಯಾಯವೇ?

ಕೋಟೆಬಾಗಿಲು

ಈ ಪ್ರಶ್ನೆಗೆ ಗಂಭೀರವಾಗಿಯೇ ಉತ್ತರಿಸಬೇಕು. ಆ ಅನುಭವದ ಹಸಿವು ನಮ್ಮೂರ ಹುಡುಗರಿಗೂ ಇದೆ, ಅದನ್ನು ತಣಿಸುವ ಒಳ್ಳೆಯ ಜಾಗ ಇಲ್ಲಿಲ್ಲ ಎಂಬುದು ಸತ್ಯ. ಆದರೆ ಬಯಲಿನ ಸಾವಿರಾರು ಜನರಿಗಾಗಿ ಮಾಡಿದ ಬಾಕ್ಸುಗಳನ್ನು ಇಪ್ಪತ್ತಡಿ ಅಗಲದ ಓಣಿಯಲ್ಲಿ, ಎರಡೂ ಕಡೆ ಗೋಡೆಗಳಿರುವಲ್ಲಿ ಹಚ್ಚಿದರೆ ಅದು ನಾನು ಮೊದಲು ಹೇಳಿದ ಕಾಲೇಜಿನ ಸಭಾಂಗಣಕ್ಕಿಂತಲೂ ಕೆಟ್ಟದ್ದಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವುದು ಲಾರಿಯ ಹಿಂದೆ ಕುಣಿಯುವ ನಿಮ್ಮ ಕಿವಿಗಳೇ.

ನಿವೃತ್ತ_ಮೇಷ್ಟ್ರು

ಕಾನೂನು ಕೂಡ ಸ್ಪಷ್ಟವಾಗಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗಾಗಿ ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಈ ನಿಯಮ ರಾಕ್ ಕಛೇರಿಗೂ ಒಂದೇ, ಲಾರಿಗೂ ಒಂದೇ. ಆದ್ದರಿಂದ ಡಿಜೆ ಹುಡುಗನ ಅನ್ಯಾಯದ ದೂರು ಕಾನೂನಿನ ಮೇಲೆ ನಿಲ್ಲುವುದಿಲ್ಲ.

ಡಿಜೆ_ಹುಡುಗ

ಮೇಷ್ಟ್ರೇ, ನಿಯಮ ಒಂದೇ ಇರಬಹುದು. ಜಾಗ ಮಾತ್ರ ಒಂದೇ ಅಲ್ಲ. ಊರಿನಲ್ಲಿ ಒಂದು ಮೈದಾನ ಗೊತ್ತುಮಾಡಿ, ಸೇಡಂ ಕಾಕಾ ಅವರಂಥವರು ಬಾಕ್ಸ್ ಕಟ್ಟಲಿ, ನಾವು ಓಣಿ ಬಿಟ್ಟು ಅಲ್ಲಿಗೇ ಬರುತ್ತೇವೆ.

ಮೈಕ್‌ಸೆಟ್_ಸೇಡಂ

ತಮ್ಮಾ, ಮೈದಾನ ಸಿಕ್ಕರೆ ನಾನು ಖಂಡಿತ ಬರುತ್ತೇನೆ. ವೇದಿಕೆಯನ್ನು ಊರಿಗೆ ಬೆನ್ನು ಮಾಡಿ, ಹೊಲದ ಕಡೆಗೆ ಮುಖ ಮಾಡಿ ಕಟ್ಟಬೇಕು. ಬೇಸ್ ಬಾಕ್ಸುಗಳನ್ನು ಎರಡು ಬದಿಗೆ ಹಂಚದೆ ನಡುವೆ ಒಟ್ಟಿಗೆ ಇಡಬೇಕು, ಇಲ್ಲವಾದರೆ ಮೈದಾನದಲ್ಲಿ ಒಂದು ಕಡೆ ಬೇಸ್ ತುಂಬಿ ಇನ್ನೊಂದು ಕಡೆ ಬರಿದಾಗುತ್ತದೆ. ಮುಂದಿನ ಸಾಲಿಗೂ ಬಾಕ್ಸಿಗೂ ನಡುವೆ ಬ್ಯಾರಿಕೇಡ್ ಹಾಕಿ ಅಂತರ ಬಿಡಬೇಕು.

ವಾಡಿ_ಜಂಕ್ಷನ್

ಅಂಥ ದಿನ ಬಂದರೆ ಬ್ಯಾರಿಕೇಡಿಗೆ ಅಂಟಿಕೊಂಡು ನಾನೇ ನಿಲ್ಲುವವನು. ಅಕ್ಕಾವರು ಹೇಳಿದ ಬಿರಡೆ ಹಾಕಿಕೊಂಡೇ ನಿಲ್ಲುತ್ತೇನೆ. ಮೈಗೆ ತಾಗುವುದು ತಪ್ಪುವುದಿಲ್ಲ ಎಂದು ಅವರೇ ಭರವಸೆ ಕೊಟ್ಟಿದ್ದಾರೆ. ಅಬ್ಬರ ಕಡಿಮೆಯಾಗಬೇಕು ಎಂಬುದನ್ನು ಮಾತ್ರ ಈಗಲೂ ಒಪ್ಪುವುದಿಲ್ಲ.

ಹುಮನಾಬಾದ್_ತಾಯಿ

ಚರ್ಚೆಯನ್ನು ಪೂರ್ತಿ ಓದಿದೆ. ಮಗನಿಗೆ ಹತ್ತು ವರ್ಷ, ಅವನ ತಂದೆ ಅವನನ್ನು ಹೈದರಾಬಾದಿನ ರಾಕ್ ಕಛೇರಿಗೆ ಕರೆದೊಯ್ಯುವುದಾಗಿ ಮಾತು ಕೊಟ್ಟುಬಿಟ್ಟಿದ್ದಾರೆ. ಬೇಡವೆಂದು ಮಗುವಿನ ಆಸೆ ಮುರಿಯಲು ನನಗೆ ಇಷ್ಟವಿಲ್ಲ. ಕಿವಿಗೆ ಹತ್ತಿ ಇಟ್ಟರೆ ಸಾಕಾಗುತ್ತದೆಯೇ?

ಶ್ರವಣ_ಪರೀಕ್ಷಕಿ

ಹತ್ತಿ ಸಾಲದು ತಂಗಿ, ಅದು ಸದ್ದನ್ನು ತಡೆಯುವುದು ತೀರಾ ಕಡಿಮೆ. ಮಕ್ಕಳ ಅಳತೆಯ, ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್ ಕೊಳ್ಳಿ; ಕನ್ನಡಕ ಹಾಕುವ ಮಗುವಾದರೆ ಕಡ್ಡಿಯ ಹತ್ತಿರ ಸಂದಿ ಉಳಿಯದಂತೆ ನೋಡಿಕೊಳ್ಳಿ. ಮನೆಯಲ್ಲೇ ಎರಡು ಮೂರು ದಿನ ಹಾಕಿಸಿ ರೂಢಿ ಮಾಡಿಸಿ, ಇಲ್ಲವಾದರೆ ಅಲ್ಲಿ ಕಿತ್ತೆಸೆಯುತ್ತಾನೆ. ತಂದೆಯವರಿಗೆ ಸ್ಪಂಜಿನ ಬಿರಡೆಯಾದರೂ ಸಾಕು. ಅದನ್ನು ಬೆರಳಿನಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತೂರಿಸಿ, ಅದು ಅರಳುವವರೆಗೆ ಬೆರಳಿನಿಂದ ಒತ್ತಿ ಹಿಡಿಯಬೇಕು. ಹೊರಗೆ ಅರ್ಧ ಇಣುಕುತ್ತಿದ್ದರೆ ಅದು ಕೂತಿಲ್ಲವೆಂದು ಅರ್ಥ.

ಮೈಕ್‌ಸೆಟ್_ಸೇಡಂ

ನಿಲ್ಲುವ ಜಾಗವನ್ನು ನಾನು ಹೇಳುತ್ತೇನೆ ತಂಗಿ. ಬಾಕ್ಸಿನ ಎದುರು ಬೇಡ, ವೇದಿಕೆಯ ಮುಂದೆಯೂ ಬೇಡ. ಮಿಕ್ಸರ್ ಇರುವ ಡೇರೆಯ ಹಿಂದೆ ನಿಲ್ಲಲು ಹೇಳಿ. ಸೌಂಡ್ ಎಂಜಿನಿಯರ್ ತಮ್ಮ ಕಿವಿಗೆ ಸರಿಹೋಗುವಂತೆ ಹೊಂದಿಸುವುದು ಅದೇ ಜಾಗಕ್ಕೆ, ಆದ್ದರಿಂದ ಹಾಡು ಅತ್ಯಂತ ಚೆನ್ನಾಗಿ ಕೇಳುವುದೂ ಅಲ್ಲಿಯೇ. ಅಲ್ಲಿಂದ ಮಗುವಿಗೆ ವೇದಿಕೆ ಕಾಣದಿದ್ದರೆ ತಂದೆಯವರು ಹೆಗಲ ಮೇಲೆ ಕೂರಿಸಿಕೊಳ್ಳಲಿ.